ಪೈಲಟ್, ಕ್ಯಾಬಿನ್ ಕ್ರೂ, ಮೆಂಟೇನೆನ್ಸ್ ಎಂಜಿನಿಯರ್: ಯಾವುದು ಯಾರಿಗೆ?

ಪಿಯುಸಿ ರಿಸಲ್ಟ್ ಬಂದ ಮೇಲೆ ಈ ಪ್ರಶ್ನೆ ಶುರುವಾಗುತ್ತದೆ: ವಿಮಾನದಲ್ಲಿ ಕೆಲಸ ಮಾಡಬೇಕು, ಯಾವ ಕೋರ್ಸ್ ಸೇರೋದು? ಮಕ್ಕಳು ಹೇಳುವ ಹೆಸರು ಮೂರು: ಪೈಲಟ್, ಏರ್ ಹೋಸ್ಟೆಸ್, ಫ್ಲೈಟ್ ಎಂಜಿನಿಯರ್. ಅಪ್ಪ ಅಮ್ಮ ನೋಡುವ ಅಂಕಿ ಎರಡೇ: ಫೀಸ್ ಎಷ್ಟು, ಸಂಬಳ ಎಷ್ಟು. ಅಷ್ಟೇ ನೋಡಿ ತೀರ್ಮಾನ ಮಾಡಿದವರು ಆಮೇಲೆ ಪೇಚಾಡುವುದೇ ಜಾಸ್ತಿ. ನನ್ನ ಕೇಳಿದರೆ, ಮೊದಲು ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ತರಬೇತಿ ಮುಗಿದೂ ಕೆಲಸ ಸಿಗದೆ ಒಂದೆರಡು ವರ್ಷ ಕೂತರೆ ಮನೆ ತಡೆದುಕೊಳ್ಳುತ್ತಾ? ನಲವತ್ತನೇ ವಯಸ್ಸಿಗೆ ಡಾಕ್ಟರು 'ಇನ್ನು ಹಾರಬೇಡ' ಅಂದರೆ ಕೈಯಲ್ಲಿ ಏನು ಉಳಿಯುತ್ತದೆ?

ಹೋಲಿಕೆಗೆ ಹೋಗುವ ಮೊದಲು ಆ ಮೂರನೇ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಯಾಕೆಂದು ಹೇಳುತ್ತೇನೆ.

ಫ್ಲೈಟ್ ಎಂಜಿನಿಯರ್ ಎಲ್ಲಿ ಹೋದರು?

ಬೋಯಿಂಗ್ 707, 727, ಹಳೆಯ 747 ವಿಮಾನಗಳ ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಮೂರನೆಯದೊಂದು ಕುರ್ಚಿ ಇರುತ್ತಿತ್ತು. ಅದನ್ನು ಪಕ್ಕದ ಗೋಡೆಯ ಕಡೆ ತಿರುಗಿಸಿಕೊಳ್ಳಬಹುದಿತ್ತು. ಆ ಗೋಡೆಯ ತುಂಬ ಮುಳ್ಳಿನ ಮೀಟರುಗಳು, ಸ್ವಿಚ್ಚುಗಳು. ಇಂಧನ ಯಾವ ಟ್ಯಾಂಕಿನಿಂದ ಹೋಗಬೇಕು, ಹೈಡ್ರಾಲಿಕ್ ಒತ್ತಡ ಸರಿಯಿದೆಯಾ, ಜನರೇಟರು ಹೇಗಿವೆ, ಕ್ಯಾಬಿನ್ನಿನ ಗಾಳಿಯ ಒತ್ತಡ ಎಷ್ಟು, ಎಂಜಿನ್ ಬಿಸಿ ಎಷ್ಟು, ಇವೆಲ್ಲ ಫ್ಲೈಟ್ ಎಂಜಿನಿಯರ್ ಪಾಲು. ಪೈಲಟ್‌ಗಳು ಹಾರಿಸುತ್ತಿದ್ದರು, ಇವರು ವಿಮಾನವನ್ನು ಬದುಕಿಸಿ ಇಟ್ಟುಕೊಳ್ಳುತ್ತಿದ್ದರು ಅಂದರೆ ಉತ್ಪ್ರೇಕ್ಷೆ ಅಲ್ಲ.

1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ 747 'ಎಂಪರರ್ ಅಶೋಕ' ಮುಂಬೈನಿಂದ ದುಬೈಗೆ ಹೊರಟು ಎರಡು ನಿಮಿಷದೊಳಗೆ ಬಾಂದ್ರಾ ತೀರದಾಚೆ ಸಮುದ್ರಕ್ಕೆ ಬಿತ್ತು. 213 ಜನ ಹೋದರು. ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಕ್ಯಾಪ್ಟನ್ ಎದುರಿನ ಉಪಕರಣ ತಪ್ಪು ತೋರಿಸುತ್ತಿತ್ತು. ಕೊನೆಯ ಕ್ಷಣಗಳಲ್ಲಿ ಅದನ್ನು ನಂಬಬೇಡಿ ಎಂದು ಎಚ್ಚರಿಸಿದವರು ಫ್ಲೈಟ್ ಎಂಜಿನಿಯರ್. ಅಷ್ಟರಲ್ಲಿ ಹೊತ್ತು ಮೀರಿತ್ತು. ಮೂರನೇ ಜೊತೆ ಕಣ್ಣು ಯಾಕಿತ್ತು ಎನ್ನುವುದು ಇದರಿಂದ ಗೊತ್ತಾಗುತ್ತದೆ.

1980ರ ದಶಕದ ಆರಂಭದಲ್ಲಿ ಬೋಯಿಂಗ್ 767, ಏರ್‌ಬಸ್ ಎ310 ಬಂದವು. ಗೋಡೆಯ ಮೀಟರುಗಳೆಲ್ಲ ಕಂಪ್ಯೂಟರ್ ಪರದೆಗೆ ಹೋದವು. ಇಬ್ಬರು ಸಾಕು ಎಂದು 1981ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ ಸಮಿತಿಯೂ ಹೇಳಿತು. 1989ರಲ್ಲಿ 747-400 ಇಬ್ಬರೇ ಪೈಲಟ್‌ಗಳೊಂದಿಗೆ ಹಾರತೊಡಗಿತು. ಅದೇ ವರ್ಷ ನಮ್ಮ ಇಂಡಿಯನ್ ಏರ್‌ಲೈನ್ಸ್‌ಗೆ ಇಬ್ಬರೇ ಪೈಲಟ್‌ಗಳ ಏರ್‌ಬಸ್ ಎ320 ಬಂತು. 2003ರಲ್ಲಿ ಕಾಂಕಾರ್ಡ್ ನಿಂತಾಗ ಪ್ರಯಾಣಿಕರ ವಿಮಾನಗಳಲ್ಲಿ ಈ ಹುದ್ದೆಯ ಕಾಲ ಹೆಚ್ಚುಕಡಿಮೆ ಮುಗಿದಿತ್ತು.

ಪೂರ್ತಿ ಮಾಯವಾಗಿಲ್ಲ, ನಿಜ. ಕೆಲವು ಹಳೆಯ ಸರಕು ವಿಮಾನಗಳಲ್ಲಿ ಇದ್ದಾರೆ. ನಮ್ಮ ವಾಯುಪಡೆಯ ಸಾಗಣೆ ವಿಮಾನ ಎಎನ್-32ರಲ್ಲೂ ಇದ್ದಾರೆ. ಯಲಹಂಕದ ಕಡೆ ಮನೆ ಇರುವವರಿಗೆ ಆ ವಿಮಾನದ ಗುಂಯ್ ಸದ್ದು ಚೆನ್ನಾಗಿ ಗೊತ್ತು. ಆದರೆ ಅಲ್ಲಿಗೆ ದಾರಿ ವಾಯುಪಡೆ ಸೇರಿಯೇ. ಫೀಸ್ ಕಟ್ಟಿಸಿಕೊಂಡು 'ಫ್ಲೈಟ್ ಎಂಜಿನಿಯರ್' ಮಾಡುತ್ತೇವೆ ಎನ್ನುವ ಖಾಸಗಿ ಸಂಸ್ಥೆ ಕಂಡರೆ ಸುಮ್ನೆ ಎದ್ದು ಬನ್ನಿ.

ಆ ಕುರ್ಚಿಯ ಕೆಲಸ ಅರ್ಧ ಕಂಪ್ಯೂಟರಿಗೆ ಹೋಯಿತು. ಉಳಿದರ್ಧದ ಬಹುಪಾಲು ನೆಲದ ಮೇಲೆ ನಿಂತ ಏರ್‌ಕ್ರಾಫ್ಟ್ ಮೆಂಟೇನೆನ್ಸ್ ಎಂಜಿನಿಯರ್ ಹೆಗಲಿಗೆ ಬಿತ್ತು. ಎಲ್ಲರೂ ಎಎಂಇ ಅನ್ನುವುದು ಇವರನ್ನೇ. ಹಾಗಾಗಿ ನಿಜವಾದ ಮೂರು ಆಯ್ಕೆ: ಪೈಲಟ್, ಕ್ಯಾಬಿನ್ ಕ್ರೂ, ಎಎಂಇ.

ದುಡ್ಡು: ಇಲ್ಲೇ ಜಾಸ್ತಿ ಜನ ಎಡವುವುದು

ಕ್ಯಾಬಿನ್ ಕ್ರೂ ಕೆಲಸಕ್ಕೆ ಕೋರ್ಸ್ ಬೇಕಿಲ್ಲ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಪಿಯುಸಿ ಪಾಸಾಗಿ, 18 ತುಂಬಿ, ಪಾಸ್‌ಪೋರ್ಟ್ ಇದ್ದರೆ ನೇರ ವಾಕ್-ಇನ್ ಸಂದರ್ಶನಕ್ಕೆ ಹೋಗಬಹುದು. ಆಯ್ಕೆಯಾದ ಮೇಲೆ ತರಬೇತಿ ಕೊಡುವುದು ಏರ್‌ಲೈನ್ನೇ. ಬೀದಿಗೊಂದು 'ಏರ್ ಹೋಸ್ಟೆಸ್ ಅಕಾಡೆಮಿ' ಇದೆ. ಅಲ್ಲಿ ಇಂಗ್ಲಿಷ್ ಮಾತು, ಮೇಕಪ್, ಸಂದರ್ಶನದ ಅಭ್ಯಾಸ ಸಿಗಬಹುದು. ಲಕ್ಷ ಕೊಟ್ಟು ಕಲಿಯುವಂಥದ್ದು ಅದರಲ್ಲಿ ಏನೂ ಇಲ್ಲ, ಅಲ್ವಾ?

ಎಎಂಇಗೆ ಕೆಲವು ಲಕ್ಷ ಬೇಕು. ಹೆಚ್ಚುಕಡಿಮೆ ಒಂದು ಎಂಜಿನಿಯರಿಂಗ್ ಸೀಟಿನ ಖರ್ಚು.

ಪೈಲಟ್ ಲೆಕ್ಕ ಬೇರೆಯೇ ಲೋಕದ್ದು. ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ ಭಾರತದಲ್ಲೇ ಅರ್ಧ ಕೋಟಿಯ ಆಸುಪಾಸು ಆಗುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಲೈಸೆನ್ಸ್ ಬಂದ ಮೇಲೆ ಎ320 ಅಥವಾ 737 ಹಾರಿಸಲು ಆಯಾ ಮಾದರಿಗೆಂದೇ ಬೇರೆ ಅರ್ಹತೆ, ಅಂದರೆ ಟೈಪ್ ರೇಟಿಂಗ್ ಬೇಕು. ಅದಕ್ಕೆ ಮತ್ತೆ ಹತ್ತು ಲಕ್ಷದ ಮೇಲೆ. ಏರ್‌ಲೈನ್‌ಗಳ ಕೆಡೆಟ್ ಯೋಜನೆಯಲ್ಲಿ ಹೋದರೆ ಒಟ್ಟು ಒಂದು ಕೋಟಿ ಮುಟ್ಟಬಹುದು. ಅದಕ್ಕೆ ಬದಲು ಷರತ್ತಿಗೆ ಒಳಪಟ್ಟ ಕೆಲಸದ ಭರವಸೆ ಸಿಗುತ್ತದೆ. ಷರತ್ತು ಅನ್ನುವ ಪದವನ್ನು ಒಪ್ಪಂದದಲ್ಲಿ ಹುಡುಕಿ ಓದಿ.

ಇನ್ನೊಂದು ಖರ್ಚನ್ನು ಯಾವ ಬ್ರೋಷರ್ ಕೂಡ ಹೇಳುವುದಿಲ್ಲ: ಕಾಯುವ ಖರ್ಚು. ಸಿಪಿಎಲ್‌ಗೆ 200 ಗಂಟೆ ಹಾರಾಟ ಆಗಬೇಕು. ಮಳೆ, ಮಂಜು, ಕೆಟ್ಟು ನಿಂತ ಸೆಸ್ನಾ ತರಬೇತಿ ವಿಮಾನ, ಬೋಧಕರ ಕೊರತೆ, ಎಲ್ಲ ಸೇರಿ ಒಂದೂವರೆ ವರ್ಷದ ಕೋರ್ಸ್ ಮೂರು ವರ್ಷಕ್ಕೆ ಎಳೆಯುತ್ತದೆ. ಆಮೇಲೂ ಕೆಲಸ ಕೂಡಲೇ ಸಿಗುತ್ತದೆ ಅಂತಿಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿಯನ್ನು ಎಲ್ಲ ತರಬೇತಿ ಸಂಸ್ಥೆಗಳೂ ಗೋಡೆಗೆ ಅಂಟಿಸಿಕೊಂಡಿವೆ. ಆ ವಿಮಾನಗಳು ಬರುವುದು ಹಲವು ವರ್ಷಗಳಲ್ಲಿ ಹಂಚಿಕೊಂಡು. ಕಂಪನಿಗೆ ತುರ್ತಾಗಿ ಬೇಕಾಗಿರುವುದು ಅನುಭವಿ ಕ್ಯಾಪ್ಟನ್‌ಗಳು, 200 ಗಂಟೆಯ ಹೊಸಬರಲ್ಲ. ಬ್ಯಾಂಕಿನ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಹಾರುತ್ತಿರುತ್ತದೆ.

ಊರಲ್ಲಿರುವ ಒಂದೇ ಮನೆಯನ್ನು ಅಡ ಇಟ್ಟು ಪೈಲಟ್ ಓದಿಸಲು ಹೊರಟವರಿಗೆ ನನ್ನ ಸಲಹೆ ಬೇಡ ಎಂದೇ.

ಯಾರು ಸೇರಬಹುದು

ಪೈಲಟ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಇರಬೇಕು. ಕಾಮರ್ಸ್ ಓದಿದವರು ಆ ಎರಡು ವಿಷಯಗಳನ್ನು ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಬರೆದು ಬಂದಿರುವುದು ಎಷ್ಟೋ ಇದೆ. 18 ತುಂಬಿದರೆ ಸಿಪಿಎಲ್. ಕನ್ನಡಕ ಇದ್ದರೆ ಅಡ್ಡಿಯಿಲ್ಲ, ಸರಿಪಡಿಸಿದ ಮೇಲೆ ನೋಟ ಸರಿಯಿರಬೇಕು ಅಷ್ಟೇ. ಬಣ್ಣ ಗುರುತಿಸುವುದರಲ್ಲಿ ದೋಷ ಇದ್ದರೆ ಮಾತ್ರ ದೊಡ್ಡ ತೊಡಕು. ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಗಳಲ್ಲಿ ಪಾಸಾಗಲು 70 ಅಂಕ ಬೇಕು.

ಒಂದು ಕೆಲಸ ಮಾತ್ರ ಯಾವ ಶಾಲೆಗೂ ಒಂದು ರೂಪಾಯಿ ಕೊಡುವ ಮೊದಲೇ ಮಾಡಿ: ಮೆಡಿಕಲ್. ಹಾರಲು ಮೈ ಸರಿಯಿದೆಯಾ ಎನ್ನುವ ಪರೀಕ್ಷೆ ಇದು. ಮೊದಲು ಆರಂಭದ ಹಂತದ ಕ್ಲಾಸ್ 2, ಆಮೇಲೆ ವಾಣಿಜ್ಯ ಪೈಲಟ್‌ಗೆ ಬೇಕಾದ ಕ್ಲಾಸ್ 1. ಕ್ಲಾಸ್ 1 ಪರೀಕ್ಷೆ ಮಾಡುವ ಕೇಂದ್ರಗಳಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಹಳೆಯದು, ಹೆಸರಾದದ್ದು. ಹೃದಯದಲ್ಲೋ ಕಿವಿಯಲ್ಲೋ ಇಲ್ಲಿಯವರೆಗೆ ಗೊತ್ತೇ ಇರದ ತೊಂದರೆ ಅಲ್ಲಿ ಸಿಗಬಹುದು. ಮೂವತ್ತು ಲಕ್ಷ ಕಟ್ಟಿದ ಮೇಲೆ ಸಿಗುವುದಕ್ಕಿಂತ ಈಗಲೇ ಸಿಗಲಿ. ಈ ಮೆಡಿಕಲ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ಮಾಡಿಸಬೇಕು, 60 ದಾಟಿದವರು ಆರು ತಿಂಗಳಿಗೊಮ್ಮೆ. 65ಕ್ಕೆ ಏರ್‌ಲೈನ್ ಹಾರಾಟ ಬಂದ್.

ಕ್ಯಾಬಿನ್ ಕ್ರೂಗೆ ಹೊಸಬರ ವಯಸ್ಸಿನ ಮಿತಿ ಸಾಮಾನ್ಯವಾಗಿ 27. ಹೆಣ್ಣುಮಕ್ಕಳಿಗೆ ಎತ್ತರ 155 ಸೆಂಟಿಮೀಟರ್ ಆಸುಪಾಸು ಕೇಳುತ್ತಾರೆ. ಅಂದಕ್ಕಲ್ಲ. ತಲೆ ಮೇಲಿನ ಅಟ್ಟದಲ್ಲಿಟ್ಟ ಆಕ್ಸಿಜನ್ ಸಿಲಿಂಡರ್, ಬೆಂಕಿ ಆರಿಸುವ ಬಾಟಲಿ ಕೈಗೆ ಎಟುಕಬೇಕು. ಗಂಡುಮಕ್ಕಳಿಗೆ ಅವಕಾಶ ಕಮ್ಮಿ, ಕೆಲವು ಕಂಪನಿಗಳಲ್ಲಿ ಇಲ್ಲವೇ ಇಲ್ಲ. ಅರ್ಜಿ ಹಾಕುವ ಮೊದಲು ನೋಡಿಕೊಳ್ಳಿ.

ಎಎಂಇಗೆ ಪಿಯುಸಿ ಪಿಸಿಎಂ, ಡಿಜಿಸಿಎ ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದು, ಮಾಡ್ಯೂಲ್ ಪರೀಕ್ಷೆಗಳು, ಆಮೇಲೆ ನಿಜವಾದ ವಿಮಾನದ ಮೇಲೆ ಕೈಕೆಲಸದ ಅನುಭವ. ಪಾಸ್ ಅಂಕ ಇಲ್ಲಿ 75. ಪೈಲಟ್‌ಗಿಂತ ಜಾಸ್ತಿ! ಮೆಕ್ಯಾನಿಕಲ್ ಕಡೆ ಬಿ1, ಎಲೆಕ್ಟ್ರಾನಿಕ್ಸ್ ಕಡೆ ಬಿ2. ನಮ್ಮಲ್ಲಿ ಬಿಇ ಏರೋನಾಟಿಕಲ್ ಮತ್ತು ಎಎಂಇ ಒಂದೇ ಎಂದುಕೊಂಡ ಪೋಷಕರು ತುಂಬ. ಬಿಇ ಮಾಡಿದವರಿಗೆ ಎಚ್‌ಎಎಲ್, ಎನ್‌ಎಎಲ್, ಬೆಂಗಳೂರಿನಲ್ಲಿರುವ ಬೋಯಿಂಗ್, ಏರ್‌ಬಸ್ ಕಚೇರಿಗಳಲ್ಲಿ ವಿನ್ಯಾಸದ ಕೆಲಸ ಸಿಗಬಹುದು. ಆದರೆ ಆ ಡಿಗ್ರಿ ಒಂದನ್ನೇ ಹಿಡಿದುಕೊಂಡು 'ಈ ವಿಮಾನ ಹಾರಬಹುದು' ಎಂದು ಸಹಿ ಹಾಕಲು ಆಗುವುದಿಲ್ಲ. ಅದಕ್ಕೆ ಲೈಸೆನ್ಸೇ ಬೇಕು.

ಕೆಲಸ ಹೇಗಿರುತ್ತದೆ

ಎಎಂಇಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇದನ್ನು ಯಾರೂ ನೋಡಿರುವುದಿಲ್ಲ. ರಾತ್ರಿ ಎರಡು ಗಂಟೆ, ದೇವನಹಳ್ಳಿಯ ಪಾರ್ಕಿಂಗ್ ಬೇ. ಕೊನೆಯ ಟ್ರಿಪ್ ಮುಗಿಸಿ ನಿಂತ ಎ320. ಎಂಜಿನಿಯರ್ ಮೊದಲು ತೆರೆಯುವುದು ಟೆಕ್ ಲಾಗ್. ಪೈಲಟ್ ಬರೆದಿಟ್ಟ ದೂರುಗಳೆಲ್ಲ ಅದರಲ್ಲಿ ಇರುತ್ತವೆ. ಆಮೇಲೆ ಟಾರ್ಚ್ ಹಿಡಿದು ಚಕ್ರಗಳ ಹತ್ತಿರ ಬಗ್ಗುತ್ತಾರೆ. ಬ್ರೇಕಿನ ಪಕ್ಕ ಬೆರಳುದ್ದದ ಸಣ್ಣ ಪಿನ್ ಒಂದು ಹೊರಗೆ ಚಾಚಿರುತ್ತದೆ. ಬ್ರೇಕ್ ಸವೆದಂತೆ ಅದು ಒಳಗೆ ಸರಿಯುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ಪಿನ್ ಅಂಚಿಗೆ ಸಮ ಬಂದರೆ ಆ ಬ್ರೇಕ್ ಬದಲಾಯಿಸಬೇಕು. ಟೈರಿನಲ್ಲಿ ಗಾಯ, ಎಂಜಿನ್ ಆಯಿಲ್, ಬ್ಲೇಡಿಗೆ ಹಕ್ಕಿ ಬಡಿದ ಗುರುತು, ಒಂದೊಂದನ್ನೂ ನೋಡಬೇಕು.

ಎಲ್ಲ ಸರಿ ಇರುವುದು ಅಪರೂಪ. ಏನೋ ಒಂದು ಕೆಟ್ಟಿರುತ್ತದೆ. ಅದು ಕೆಟ್ಟಿದ್ದರೂ ಹಾರಬಹುದಾ ಎನ್ನುವುದಕ್ಕೆ ಎಂಇಎಲ್ ಎಂಬ ಪುಸ್ತಕ ಇದೆ. ಕೆಲವು ದೋಷಕ್ಕೆ 3 ದಿನ, ಕೆಲವಕ್ಕೆ 10 ದಿನ, ತೀರಾ ಸಣ್ಣವಕ್ಕೆ 120 ದಿನ ಗಡುವು. ಪುಸ್ತಕ ಆಗಲ್ಲ ಅಂದರೆ ಆಗಲ್ಲ. ಬೆಳಗ್ಗೆ ಆರರ ಫ್ಲೈಟ್‌ಗೆ 180 ಜನ ಕಾಯುತ್ತಿರುತ್ತಾರೆ, ಆಪರೇಷನ್ಸ್‌ನಿಂದ ಫೋನ್ ಮೇಲೆ ಫೋನ್. ಆಗ 'ಸಹಿ ಹಾಕಲ್ಲ' ಅನ್ನುವ ಗಟ್ಟಿತನ ಬೇಕು. ಅದು ಇಲ್ಲದವರಿಗೆ ಈ ಕೆಲಸ ಹೇಳಿದ್ದಲ್ಲ. ಸಹಿ ಹಾಕಿದ ಮೇಲೆ ಹೊಣೆ ಅವರದ್ದೇ, ಎಷ್ಟು ವರ್ಷ ಆದರೂ ಆ ಪುಟ ಹುಡುಕಿಕೊಂಡು ಬರಬಹುದು.

ಬೆಳಗ್ಗೆ ಬಂದ ಪೈಲಟ್ ಅದೇ ಟೆಕ್ ಲಾಗ್ ಓದಿ, ವಿಮಾನದ ಸುತ್ತ ಒಂದು ಸುತ್ತು ಹಾಕಿ, ಒಪ್ಪಿಕೊಂಡೆ ಎಂದು ತಾವೂ ಸಹಿ ಹಾಕುತ್ತಾರೆ. ಅದಕ್ಕೂ ಮೊದಲು ಬ್ರೆತ್ ಅನಲೈಸರ್‌ಗೆ ಊದಿರುತ್ತಾರೆ. ಕ್ಯಾಬಿನ್ ಕ್ರೂಗೂ ಊದುವುದು ತಪ್ಪಿದ್ದಲ್ಲ. ಮದ್ಯದ ಅಂಶ ಇರುವ ಮೌತ್‌ವಾಶ್ ಕೂಡ ನಿಷಿದ್ಧ, ಕೆಮ್ಮಿನ ಸಿರಪ್ ಕುಡಿಯುವ ಮೊದಲೂ ಯೋಚಿಸಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು ಮನೆ. ಕಾಕ್‌ಪಿಟ್ ಒಳಗಿನ ದಿನ ಹೊರಗಿನವರು ಅಂದುಕೊಂಡಷ್ಟು ರೋಮಾಂಚಕ ಅಲ್ಲ. ಚೆಕ್‌ಲಿಸ್ಟ್, ರೇಡಿಯೋ, ಹವಾಮಾನ, ಇಂಧನ, ಮತ್ತೆ ಚೆಕ್‌ಲಿಸ್ಟ್. ಒಂದೇ ಕ್ರಮವನ್ನು ದಿನಕ್ಕೆ ನಾಲ್ಕು ಸಲ ಬೇಸರವಿಲ್ಲದೆ ಮಾಡುವ ಸ್ವಭಾವದವರು ಇಲ್ಲಿ ಉಳಿಯುತ್ತಾರೆ. ಜೊತೆಗೆ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆ. ನಿವೃತ್ತಿ ತನಕ ವಿದ್ಯಾರ್ಥಿಯೇ.

ಕ್ಯಾಬಿನ್ ಕ್ರೂ ಬಗ್ಗೆ ತಪ್ಪು ತಿಳಿವಳಿಕೆ ಎಲ್ಲಕ್ಕಿಂತ ಜಾಸ್ತಿ. ಕಾಫಿ ಕೊಡಲು ಅಷ್ಟು ಜನ ಯಾಕೆ ಎಂದು ಕೇಳುವವರಿದ್ದಾರೆ. ಕಾಫಿಗಲ್ಲ. 50 ಸೀಟಿಗೆ ಒಬ್ಬರು ಇರಲೇಬೇಕೆಂಬುದು ನಿಯಮ. ಅದಕ್ಕೇ 186 ಸೀಟಿನ ಎ320ಯಲ್ಲಿ ನಾಲ್ವರು, 78 ಸೀಟಿನ ಎಟಿಆರ್‌ನಲ್ಲಿ ಇಬ್ಬರು. ತರಬೇತಿಯ ಮುಖ್ಯ ಭಾಗ ಬೆಂಕಿ, ಹೊಗೆ, ನೀರಿಗಿಳಿಯುವುದು, ಪ್ರಥಮ ಚಿಕಿತ್ಸೆ, ಬಾಗಿಲು.

ಬಾಗಿಲು ಅಂದೆ. ಎ320 ಬಾಗಿಲಿನ ಒಳಗೆ ತುರ್ತಾಗಿ ಇಳಿಯಲು ಮಡಚಿಟ್ಟ ಜಾರುಬಂಡೆ ಇರುತ್ತದೆ. ಹೊರಡುವ ಮುನ್ನ ಲಿವರ್ ಇಳಿಸಿ 'ಆರ್ಮ್' ಮಾಡುತ್ತಾರೆ. ಆಮೇಲೆ ಬಾಗಿಲು ತೆರೆದರೆ ಅದು ಕೆಲವೇ ಸೆಕೆಂಡಿನಲ್ಲಿ ಉಬ್ಬಿ ಹೊರಗೆ ಬೀಳುತ್ತದೆ. ಇಳಿದ ಮೇಲೆ ಮರೆಯದೆ 'ಡಿಸಾರ್ಮ್' ಮಾಡಬೇಕು. ಮರೆತು ಹಿಡಿ ಎತ್ತಿದರೆ ಬಾಗಿಲ ಪುಟ್ಟ ಕಿಟಕಿಯ ಕೆಳಗೆ ಬಿಳಿ ದೀಪ ಹತ್ತುತ್ತದೆ. ಅದನ್ನು ನೋಡಿ ಕೈ ಬಿಟ್ಟರೆ ಬಚಾವ್. ಇಲ್ಲವೆಂದರೆ ಲಕ್ಷಗಟ್ಟಲೆ ನಷ್ಟ, ಹೊರಗೆ ನಿಂತವರ ಜೀವಕ್ಕೂ ಅಪಾಯ. ಟೇಕಾಫ್ ವೇಳೆ ಅವರು ಎದುರಿಗೆ ಕೂತು ಸುಮ್ಮನೆ ನೋಡುತ್ತಿರುವಂತೆ ಕಾಣುತ್ತಾರಲ್ಲ, ಆಗ ಮನಸ್ಸಿನಲ್ಲಿ ಪಾಠ ಒಪ್ಪಿಸುತ್ತಿರುತ್ತಾರೆ: ಈಗ ನಿಂತರೆ ಯಾವ ಬಾಗಿಲು, ಏನು ಕೂಗಬೇಕು, ಯಾರ ಸಹಾಯ ಕೇಳಬಹುದು.

2024ರ ಜನವರಿ 2ರಂದು ಟೋಕಿಯೋದ ಹನೇದಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ರನ್‌ವೇ ಮೇಲೆ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಒಳಗಿನ ಮಾತಿನ ವ್ಯವಸ್ಥೆ ಕೆಟ್ಟಿತ್ತು. ಎಂಟು ಬಾಗಿಲುಗಳಲ್ಲಿ ಬಳಸಲು ಆದದ್ದು ಮೂರೇ. ಕ್ರೂ ಮೆಗಾಫೋನ್ ಹಿಡಿದು, ಗಂಟಲು ಹರಿದುಕೊಂಡು 379 ಜನರನ್ನೂ ಜೀವಂತ ಇಳಿಸಿದರು. ನಮ್ಮ ಗಗನಸಖಿ ನೀರಜಾ ಭಾನೋಟ್ 1986ರಲ್ಲಿ ಕರಾಚಿಯಲ್ಲಿ ಅಪಹರಣವಾದ ವಿಮಾನದಲ್ಲಿ ಮಾಡಿದ್ದೂ ಇದೇ ಕೆಲಸ, ಬಂದೂಕುಗಳ ಎದುರು. ಅಪಹರಣ ಅಂತ ಕ್ರೂ ಸೂಚನೆ ಕೊಟ್ಟ ಕೂಡಲೇ ಇಬ್ಬರು ಪೈಲಟ್‌ಗಳು ಮತ್ತು ಫ್ಲೈಟ್ ಎಂಜಿನಿಯರ್ ಕಾಕ್‌ಪಿಟ್ ಮೇಲಿನ ಕಿಂಡಿಯಿಂದ ಇಳಿದು ಹೋದರು. ಅಪಹರಣಕಾರರಿಗೆ ವಿಮಾನ ಹಾರಿಸುವವರು ಸಿಗಬಾರದು ಎನ್ನುವ ಉದ್ದೇಶ ಅದು. ಪ್ರಯಾಣಿಕರ ಜೊತೆ ಉಳಿದದ್ದು ಕ್ಯಾಬಿನ್ ಕ್ರೂ.

ನಿದ್ದೆಗೆಟ್ಟ ಮೈ

ಮೂರರಲ್ಲಿ ಯಾವುದನ್ನು ಆರಿಸಿದರೂ ರಾತ್ರಿ ನಿಮ್ಮದಲ್ಲ. ಎಂಜಿನಿಯರ್‌ಗೆ ಶಿಫ್ಟ್. ರಾತ್ರಿ ಪಾಳಿ ಗ್ಯಾರಂಟಿ, ಆದರೆ ಬೆಳಗ್ಗೆ ಸ್ವಂತ ಮನೆಗೆ ಹೋಗಬಹುದು. ಹಾರುವವರಿಗೆ ರೋಸ್ಟರ್ ಹೇಳಿದ ಊರಲ್ಲಿ ಹೋಟೆಲ್ ಹಾಸಿಗೆ. ಹಬ್ಬ, ತಂಗಿಯ ಮದುವೆ, ಮಗುವಿನ ಹುಟ್ಟುಹಬ್ಬ, ಎಲ್ಲ ರೋಸ್ಟರ್ ಕೃಪೆ.

2010ರ ಮೇ 22ರ ಬೆಳಗ್ಗೆ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತದ್ದು ಕರಾವಳಿಯವರು ಮರೆಯುವ ವಿಷಯ ಅಲ್ಲ. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು, ಗೊರಕೆ ರೆಕಾರ್ಡರ್‌ನಲ್ಲಿ ದಾಖಲಾಗಿತ್ತು. ಎದ್ದ ಮೇಲೂ ನಿದ್ದೆಯ ಮಂಪರು ತೀರ್ಮಾನವನ್ನು ಕೆಡಿಸಿತು ಎಂದು ತನಿಖೆ ಹೇಳಿತು. ಇಳಿಯಬೇಡಿ, ಮತ್ತೆ ಮೇಲಕ್ಕೆ ಹೋಗೋಣ ಎಂದು ಸಹ ಪೈಲಟ್ ಹೇಳಿದ್ದರು.

ನಿಯಮ ಈಗ ಬಿಗಿಯಾಗಿದೆ. ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರುವಂತಿಲ್ಲ. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದೆ. ಆ ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳ ಸಿದ್ಧತೆ ಸಾಲದೆ 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ಫ್ಲೈಟ್ ರದ್ದು ಮಾಡಿದ್ದು ನೆನಪಿರಬಹುದು. ಕಾಗದದ ಮೇಲಿನ ವಿಶ್ರಾಂತಿ ನಿಜವಾದ ನಿದ್ದೆಯಾಗಿ ಬರಲು ಇನ್ನೂ ಜಗ್ಗಾಟ ನಡೆದೇ ಇದೆ.

ಕಂಪನಿ ಮುಳುಗಿದರೆ

ಭಾರತದಲ್ಲಿ ಇದು 'ಮುಳುಗಿದರೆ' ಅಲ್ಲ, 'ಮುಳುಗಿದಾಗ'. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತವು. ಕಿಂಗ್‌ಫಿಷರ್‌ನಲ್ಲಿ ತಿಂಗಳುಗಟ್ಟಲೆ ಸಂಬಳ ಇಲ್ಲದೆ ಎಂಜಿನಿಯರ್‌ಗಳು ಮುಷ್ಕರ ಹೂಡಿದ ಮೇಲೆ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ಸಹಿ ಹಾಕುವವರು ಇಲ್ಲದಿದ್ದರೆ ಅಷ್ಟೇ.

ಇಂಥ ಹೊತ್ತಲ್ಲಿ ಎಎಂಇ ಲೈಸೆನ್ಸ್‌ಗೆ ಬೆಲೆ ಜಾಸ್ತಿ. ನಮ್ಮ ನಿಯಮ ಯುರೋಪಿನ ಮಾದರಿಯಲ್ಲೇ ಇರುವುದರಿಂದ ಕಲಿತದ್ದು ಗಲ್ಫ್‌ನಲ್ಲೂ ಕೆಲಸಕ್ಕೆ ಬರುತ್ತದೆ, ಅಲ್ಲಿನ ಲೈಸೆನ್ಸ್ ಮಾತ್ರ ಬೇರೆ ತೆಗೆದುಕೊಳ್ಳಬೇಕು. ಐವತ್ತು ದಾಟಿದರೂ ಅನುಭವಿ ಎಂಜಿನಿಯರ್‌ಗೆ ಬೇಡಿಕೆ ಇಳಿಯುವುದಿಲ್ಲ. ಪೈಲಟ್‌ಗೂ ಗಂಟೆಗಳು ಕೂಡಿದ್ದರೆ ಬೇರೆ ಕಡೆ ಬಾಗಿಲು ತೆರೆಯುತ್ತದೆ. ಆದರೆ ಮೆಡಿಕಲ್ ಹೋದರೆ ಎಲ್ಲ ಹೋಯಿತು. ಅದಕ್ಕೇ ಲೈಸೆನ್ಸ್ ನಷ್ಟದ ವಿಮೆ ಇದೆ, ಮರೆಯದೆ ಮಾಡಿಸಬೇಕು. ಕ್ಯಾಬಿನ್ ಕ್ರೂ ಕೈಯಲ್ಲಿ ಅಂಥ ಲೈಸೆನ್ಸ್ ಇರುವುದಿಲ್ಲ. ಒಂದು ಕಾಲದಲ್ಲಿ ಏರ್ ಇಂಡಿಯಾದಲ್ಲಿ ಗಗನಸಖಿಯರಿಗೆ 35ಕ್ಕೇ ನಿವೃತ್ತಿ, ಮೊದಲ ಬಸಿರಿಗೆ ಕೆಲಸ ಖತಂ ಎಂಬ ನಿಯಮ ಇತ್ತು. ಬಸಿರಿನ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ಕಿತ್ತುಹಾಕಿತು. ಈಗ ಅಷ್ಟು ಕೆಟ್ಟದಿಲ್ಲ. ಆದರೂ ಗುತ್ತಿಗೆಯ ಲೆಕ್ಕದಲ್ಲಿ ಸೇರಿದ ಎಷ್ಟೋ ಜನ ಕೆಲವೇ ವರ್ಷದಲ್ಲಿ ಬಿಟ್ಟು ಬೇರೆ ಕಡೆ ಹೋಗುತ್ತಾರೆ.

ಹಾಗಾದರೆ ಯಾವುದು?

ಮಧ್ಯಮ ವರ್ಗದ ಮನೆ, ಯಂತ್ರ ಬಿಚ್ಚಿ ನೋಡುವ ಹುಚ್ಚು, ಸಾಲ ಬೇಡ: ಎಎಂಇ. ಸೇರುವ ಮುಂಚೆ ಕೊನೆಯ ಎರಡು ಬ್ಯಾಚ್‌ನಲ್ಲಿ ಎಷ್ಟು ಜನ ಲೈಸೆನ್ಸ್ ಪಡೆದರು ಅಂತ ಕೇಳಿ. ಎಷ್ಟು ಜನ ಸೇರಿದರು ಅನ್ನುವುದು ಮುಖ್ಯ ಅಲ್ಲ.

ಜನರ ಜೊತೆ ಬೆರೆಯುವ ಸ್ವಭಾವ, ಬೇಗ ದುಡಿಯಬೇಕು, ಊರು ನೋಡಬೇಕು: ಕ್ಯಾಬಿನ್ ಕ್ರೂ. ಜೊತೆಗೆ ದೂರಶಿಕ್ಷಣದಲ್ಲಿ ಒಂದು ಡಿಗ್ರಿ ಮುಗಿಸಿಕೊಳ್ಳಿ. ಇಪ್ಪತ್ತೆಂಟಕ್ಕೆ ಬಿಡಬೇಕು ಅನಿಸಿದರೆ ಕೈ ಖಾಲಿ ಇರಬಾರದು.

ಪೈಲಟ್: ಮೆಡಿಕಲ್ ಕ್ಲಿಯರ್ ಇದ್ದು, ದುಡ್ಡು ಮುಳುಗಿದರೂ ಮನೆ ನಿಲ್ಲುತ್ತದೆ ಎಂದಾದರೆ ಮಾತ್ರ. ಹೆಣ್ಣುಮಕ್ಕಳು ಹಿಂಜರಿಯಬೇಕಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ತಂದ ಪೈಲಟ್‌ಗಳೆಲ್ಲ ಹೆಂಗಸರೇ. ಶಾಲೆ ಹುಡುಕುವವರು ಉತ್ತರಪ್ರದೇಶದ ಫುರ್ಸತ್‌ಗಂಜ್‌ನ ಸರ್ಕಾರಿ ಅಕಾಡೆಮಿ, ಜಕ್ಕೂರಿನ ರಾಜ್ಯ ಸರ್ಕಾರದ ಶಾಲೆ, ಕಲಬುರಗಿ, ಬೆಳಗಾವಿ ನಿಲ್ದಾಣಗಳಲ್ಲಿ ಶುರುವಾದ ಖಾಸಗಿ ಶಾಲೆಗಳು, ಎಲ್ಲ ಕಡೆ ಖುದ್ದಾಗಿ ಹೋಗಿ ನೋಡಿ. ಹಾರುವ ಸ್ಥಿತಿಯಲ್ಲಿ ಇವತ್ತು ಎಷ್ಟು ವಿಮಾನ ಇವೆ, ಒಬ್ಬ ವಿದ್ಯಾರ್ಥಿ ಕಳೆದ ತಿಂಗಳು ಎಷ್ಟು ಗಂಟೆ ಹಾರಿದ, ಈ ಎರಡನ್ನು ಕಚೇರಿಯಲ್ಲಿ ಕೇಳಬೇಡಿ. ಹೊರಗೆ ಕ್ಯಾಂಟೀನ್ ಹತ್ತಿರ ನಿಂತ ಹುಡುಗರನ್ನು ಕೇಳಿ. ಫೀಸನ್ನು ಒಂದೇ ಸಲ ಪೂರ್ತಿ ಕಟ್ಟಿ ಅಂದರೆ ಒಪ್ಪಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತು ಮಾಡಿಸಿಕೊಳ್ಳಿ.